ಸೊಂಟದ ಮೇಲಿನ ಗಾಯ

ಇದನ್ನ ನನಗೆ ಮೊದಲು ಹೇಳಿದ್ದು ರೋಂಡಾ... ಅಯ್ಯೋ, ಎದ್ದೆ ಯಾಕೆ? ಕೂತ್ಕೋ ಕೈಸಾ. ನಿಂತ್ಕೊಂಡು ಕೇಳೋ ಕಥೆಯಲ್ಲ ಇದು. ಜೋಸೆಟ್ ಹತ್ರ ಆಮೇಲೆ ಹೋಗುವಿಯಂತೆ, ಅವಳೇನು ಓಡಿಹೋಗ್ತಾಳಾ? ಅವಳ ಕೋಣೆ, ಅವಳ ಐಸು ಚೀಲ, ಕಣ್ಣಿಗೆ ಬಿಡೋ ಆ ಪುಟ್ಟ ಟಾರ್ಚು... ತಂಡದ ಏಟು-ಪೆಟ್ಟು ನೋಡ್ಕೊಳ್ಳೋಳು ತಾನೆ, ಸಾಯಂಕಾಲದವರೆಗೂ ಅಲ್ಲೇ ಇರ್ತಾಳೆ. ನೀನು ಅವಳಿಗೆ ಏನು ಹೇಳೋಕೆ ಹೊರಟಿದ್ದೀಯ ಅಂತಲೂ ನನಗೆ ಗೊತ್ತು. ಅದಕ್ಕೇ ಕೂತ್ಕೋ ಅಂದಿದ್ದು.

ಬಾಗಿಲು ಎಳ್ಕೋ. ಪೂರ್ತಿ. ಹಾಂ. ಆ ದೊಡ್ಡ ದೀಪ ಆರಿಸಿಬಿಡು, ಕಿಟಕಿಯ ಬೆಳಕು ಸಾಕು. ಸುಮ್ನೆ ಕಣೇ, ಕರೆಂಟು ಯಾಕೆ ದಂಡ ಅಂತ. ಆ ಟೇಪು ಈ ಕಡೆ ಎಸಿ. ಬಿಳೀದಲ್ಲ ಮಾರಾಯ್ತಿ, ಕರೀದು. ಬಿಳೀ ಟೇಪು ಸುತ್ತಿದ ಹಾಕಿ ಕೋಲಲ್ಲಿ ನಾನು ಯಾವತ್ತೂ ಗೋಲು ಹೊಡೆದಿಲ್ಲ, ಫೈನಲ್ ದಿನ ಹೊಸ ಮಡಿ ಶುರು ಮಾಡಲಾ?

ಹಾಂ, ರೋಂಡಾ. ನಾನು ಎಡ ಅಂಚಿನವಳು, ಅವಳು ನಡುವೆ. ನನ್ನ ಮೊದಲ ಸೆಂಟರ್. ನಿನ್ನ ಹಾಗೇ, ಆದರೆ ಅವಳು ಐಸಿನ ಮೇಲೆ ಆ ರಬ್ಬರ್ ಬಿಲ್ಲೇನ ನೋಡಿ ಕೊಡ್ತಿದ್ಲು, ನೀನು ದೇವರ ಮೇಲೆ ಭಾರ ಹಾಕಿ ಕೊಡ್ತೀಯ. ಒಂದ್ಸಲ ವಾವಾ ಊರು ದಾಟಿ ನಮ್ಮ ಬಸ್ಸು ನಿಂತುಬಿಡ್ತು. ರಸ್ತೆ ಮಧ್ಯೆ ಒಂದು ಮೂಸ್. ಡ್ರೈವರ್ ಹಾರನ್ ಹೊಡೀತಾನೆ, ಹೊಡೀತಾನೆ... ಕುದುರೆ ಎತ್ತರದ ಆ ಕೊಂಬಿನ ಕಾಡುಪ್ರಾಣಿ ಇವನ ಮುಖ ನೋಡ್ತಾ ನಿಂತಿದೆ, ಎಮ್ಮೆ ಮೇಲೆ ಮಳೆ ಹುಯ್ದ ಹಾಗೆ. ಆಗ ರೋಂಡಾ ನನ್ನ ಕಡೆ ತಿರುಗಿ ಅಂದ್ಲು: "ನೋಡು ಮಾರ್ನಿ, ಸೆಪ್ಟೆಂಬರ್‌ನಲ್ಲಿ ಆ ಮೂಸ್ ಥರ ಇರು. ಆಗ ಜನವರಿಯಲ್ಲಿ ನಿನ್ನನ್ನ ಯಾರೂ ಅಲ್ಲಾಡಿಸೋಕಾಗಲ್ಲ."

ಅರ್ಥ ಆಗ್ಲಿಲ್ವಾ? ಸೆಪ್ಟೆಂಬರ್ ಪರೀಕ್ಷೆ ಕಣೇ! ನೀನೂ ಬರೆದಿದ್ದೀಯಲ್ಲ, ಸೀಸನ್ ಶುರುವಾಗೋ ಮುಂಚೆ. ಕಂಪ್ಯೂಟರ್ ಮುಂದೆ ಕೂರಿಸ್ತಾರೆ, ಒಂದಷ್ಟು ಪದ ತೋರಿಸ್ತಾರೆ, ನೆನಪಿಟ್ಟುಕೊಂಡು ಹೇಳು ಅಂತಾರೆ, ಅಂಕೀನ ಹಿಂದುಮುಂದಾಗಿ ಹೇಳು ಅಂತಾರೆ. ಅದು ನಿನ್ನ ತಲೆಯ ಅಳತೆ. ಆಮೇಲೆ ಸೀಸನ್ ಮಧ್ಯೆ ತಲೆಗೆ ಏಟು ಬಿದ್ರೆ ಅದೇ ಪರೀಕ್ಷೆ ಮತ್ತೆ. ಸೆಪ್ಟೆಂಬರ್‌ಗಿಂತ ಕಮ್ಮಿ ಬಂತೋ, ಹೊರಗೆ. ಸರಿಸಮ ಬಂತೋ, ಐಸಿಗೆ ಇಳಿ. ಈಗ ಹೇಳು, ಸೆಪ್ಟೆಂಬರ್‌ನಲ್ಲೇ ದಡ್ಡಿ ಆಗಿದ್ರೆ ಜನವರಿಯಲ್ಲಿ ಇನ್ನೆಲ್ಲಿಗೆ ಇಳೀತೀಯ? ನೆಲದ ಮೇಲೆ ಮಲಗಿದವಳು ಮಂಚದಿಂದ ಬೀಳ್ತಾಳಾ? ರೋಂಡಾಗೆ ಪರದೆ ಮೇಲೆ ಸೇಬು, ಸೇತುವೆ, ಕೊಡೆ ಅಂತೆಲ್ಲ ತೋರಿಸಿದ್ರಂತೆ. ಏನೇನು ನೋಡಿದೆ ಅಂದ್ರೆ ಎಲ್ಲದಕ್ಕೂ ಇವಳು "ಮೂಸ್" ಅಂದ್ಲಂತೆ!

ನಕ್ಕೆ! ನಗು, ನಗು. ಅವತ್ತು ಬಸ್ಸಿಗೆ ಬಸ್ಸೇ ನಕ್ಕಿತ್ತು. ಮೂಸ್ ಕೂಡ ಗಾಬರಿಯಾಗಿ ದಾರಿ ಬಿಟ್ಟುಕೊಡ್ತು.

ನಾನಾ? ಛೆ ಛೆ. ನಾನ್ಯಾಕೆ ಹಾಗೆ ಮಾಡ್ಲಿ? ಡಿಗ್ರಿ ಮಾಡಿದವಳು ನಾನು. ರೋಂಡಾ ಹೇಳಿದ್ಲು, ನಾನು ಕೇಳಿದೆ, ಅಷ್ಟೇ.

ಸರಿ, ಶನಿವಾರದ ವಿಷಯಕ್ಕೆ ಬಾ. ನೀನೇನು ನೋಡಿದೆ? ಹೇಳು, ನೇರವಾಗಿ ಹೇಳು. ಆ ಉದ್ದನೆಯವಳು, ಅವರ ಡಿಫೆನ್ಸಿನವಳು, ನನ್ನನ್ನ ಐಸಿನ ಸುತ್ತಲಿನ ಹಲಗೆ ಗೋಡೆಗೆ ಅಪ್ಪಳಿಸಿದ್ಲು. ಹೌದು, ಅಪ್ಪಳಿಸಿದ್ಲು. ಅದು ಅವಳ ಕೆಲಸ! ಬಿದ್ದೆ, ಎದ್ದೆ. ಸರದಿ ಮುಗೀತು, ಬೆಂಚಿಗೆ ಹೋದೆ. ಅವರ ಬೆಂಚಿಗೆ ಹೋದೆ, ಒಪ್ಪಿದೆ! ನೀನು ಬಂದು ಮೊಣಕೈ ಹಿಡ್ಕೊಂಡು ನಮ್ಮ ಬೆಂಚಿಗೆ ತಂದೆ. ಪುಣ್ಯ ಬರ್ಲಿ ನಿನಗೆ. ಅದರಲ್ಲೇನು ಅಂಥ ಆಕಾಶ ಕಳಚಿ ಬಿದ್ದಿದ್ದು?

ಎರಡನೇ ಅವಧಿ ಕಣೇ ಅದು! ಎರಡನೇ ಅವಧಿಯಲ್ಲಿ ಗೋಲು ಅದಲುಬದಲು. ನಾವು ಕಾಯೋ ಗೋಲು ಆ ತುದಿಗೆ ಹೋಗಿರುತ್ತೆ, ಬೆಂಚು ಮಾತ್ರ ಇದ್ದಲ್ಲೇ ಇರುತ್ತೆ. ಅಲ್ಲಿಂದ ಏದುಸಿರು ಬಿಡ್ತಾ ವಾಪಸು ಬರುವಾಗ ಮೊದಲು ಸಿಗೋದು ಯಾರ ಬೆಂಚು? ಅವರದ್ದು. ದೊಡ್ಡ ದೊಡ್ಡವರೇ ಎಡವಿದ್ದಾರೆ. ಗಂಡಸರ ಲೀಗಿನಲ್ಲಿ ಒಬ್ಬ ಎದುರಾಳಿ ಬೆಂಚಲ್ಲಿ ಕೂತು ಅವರ ನೀರು ಕುಡಿದು ಬಾಯಿ ಒರೆಸ್ಕೊಂಡಿದ್ನಂತೆ! ನಾನಿನ್ನೂ ಕೂತಿರ್ಲಿಲ್ಲ. ಬರೀ ಅವರ ಬೆಂಚಿನ ಬಾಗಿಲು ತಟ್ಟಿದೆ.

ಯಾಕೆ ಈ ಸಲ ನಗ್ತಿಲ್ಲ?

ಸರಿ. ನೀನು ಜೋಸೆಟ್‌ಗೆ ಹೇಳ್ತೀಯ ಅಂತಿಟ್ಕೋ. ಏನಾಗುತ್ತೆ? ಇವತ್ತು ಸಾಯಂಕಾಲ ಫೈನಲ್. ಗೆದ್ದವರ ಕೈಗೆ ಕಪ್ಪು. ನನ್ನ ಕೊನೆಯ ಆಟ. ಮುಂದಿನ ವರ್ಷ ಇನ್ನೊಂದಿದೆ ಅನ್ನೋಕೆ ನನಗೆ ನಿನ್ನ ವಯಸ್ಸಲ್ಲ, ನಲವತ್ತೊಂದು. ಆ ಹೊತ್ತಲ್ಲಿ ನಾನೆಲ್ಲಿರ್ತೀನಿ? ಕೋಟು ಹಾಕ್ಕೊಂಡು ಮೇಲೆ ಗ್ಯಾಲರಿಯಲ್ಲಿ, ಪಾಪ್‌ಕಾರ್ನ್ ತಿಂತಾ! ಪತ್ರಿಕೆಯವರು ಮಾರ್ನಿ ಯಾಕೆ ಆಡ್ತಿಲ್ಲ ಅಂತ ಕೇಳ್ತಾರೆ. ಕೋಚ್ ಡಾರ್ಲಾ ಮುಖ ಗಂಟಿಕ್ಕಿಕೊಂಡು ಹೇಳ್ತಾಳೆ: "ಸೊಂಟದ ಮೇಲಿನ ಗಾಯ."

ಎಂಥ ಚಂದದ ಮಾತು ಅಲ್ವಾ? ನಮ್ಮ ಆಟದಲ್ಲಿ ಮನುಷ್ಯನ ಮೈಗೆ ಎರಡೇ ಭಾಗ. ಸೊಂಟದ ಮೇಲೆ, ಸೊಂಟದ ಕೆಳಗೆ. ಕಾಲ್ಬೆರಳು ಮುರಿದ್ರೂ ಕೆಳಗೆ, ಮಂಡಿ ಚಿಪ್ಪು ಜಾರಿದ್ರೂ ಕೆಳಗೆ. ಹಲ್ಲು, ಮೂಗು, ಪಕ್ಕೆಲುಬು, ಭುಜ ಎಲ್ಲಾ ಮೇಲೆ. ಇಂಥಲ್ಲೇ ಅಂತ ಹೇಳಿದ್ರೆ ಎದುರಾಳಿ ಅಲ್ಲಿಗೇ ಗುರಿ ಇಡ್ತಾರೆ, ಅದಕ್ಕೆ ಈ ಗುಟ್ಟು. ನನ್ನ ಮದುವೆ ಮುರಿದಾಗ ರೋಂಡಾ ಫೋನ್ ಮಾಡಿ, ಏನಾಯ್ತೇ ಅಂತ ಕೇಳಿದ್ಲು. ಸೊಂಟದ ಮೇಲಿನ ಗಾಯ ಅಂದೆ. ಎಷ್ಟು ದಿನ ಹೊರಗೆ ಅಂದ್ಲು. ಎರಡು ವಾರ ಅಂದೆ. ಒಂದು ಇಡೀ ಸೀಸನ್ ತಗೊಳ್ತು ಕಣೇ ಅದು.

ನೀನು ನನ್ನನ್ನ ಅಜ್ಜಿ ಅಂತೀಯಲ್ಲ... ಅಂತೀಯ, ನನಗೆ ಕಿವಿ ಚೆನ್ನಾಗೇ ಇದೆ! ಇಡೀ ತಂಡವೇ ಅನ್ನುತ್ತೆ. ಅನ್ನಿ. ಈ ಅಜ್ಜಿ ಎಲ್ಲಿಂದ ಬಂದವಳು ಅಂತ ಕೇಳಿದ್ದೀಯ? ಮೆಲ್‌ಫೋರ್ಟ್. ಸಸ್ಕಾಚೆವಾನ್. ಅಲ್ಲಿ ನೆಲ ಎಷ್ಟು ಚಪ್ಪಟೆ ಅಂದ್ರೆ ನಾಯಿ ಮನೆ ಬಿಟ್ಟು ಓಡಿಹೋದ್ರೆ ವಾರಗಟ್ಟಲೆ ಕಾಣ್ತಾ ಇರುತ್ತೆ. ಅಪ್ಪ ರಾತ್ರಿ ಊಟ ಆದ್ಮೇಲೆ ಹಿತ್ತಲಿಗೆ ನೀರು ಬಿಡ್ತಿದ್ದ, ಬೆಳಗಾಗೋದ್ರಲ್ಲಿ ಐಸಿನ ಕನ್ನಡಿ. ಅಣ್ಣಂದಿರಿಗೆ ಅಂತ ಮಾಡಿದ್ದು. ಅವರು ಬೆಚ್ಚಗೆ ಟಿವಿ ನೋಡ್ಕೊಂಡು ಕೂತ್ರು, ನಾನು ಇಳಿದೆ.

ಹುಡುಗರ ಜೊತೆ ಆಡ್ತಿದ್ದೆ, ಬೇರೆ ಹುಡುಗಿಯರೇ ಇರ್ಲಿಲ್ಲ. ಅವರ ಗಡ್ಡ ಮೀಸೆ ಮೂಡೋ ಹೊತ್ತಿಗೆ ಕೋಚು ಹೇಳಿದ: "ಮಾರ್ನಿ, ನೀನು ಅಂಚಿಗೆ ಹೋಗು. ಅಲ್ಲಾದ್ರೆ ಪಕ್ಕದಲ್ಲಿ ಗೋಡೆ ಇರುತ್ತೆ, ಒಂದು ಕಡೆಯಿಂದಾದ್ರೂ ಯಾರೂ ಹೊಡೆಯಲ್ಲ." ಪಾಪ, ಒಳ್ಳೆ ಮನಸ್ಸಿಂದಲೇ ಹೇಳಿದ. ಆ ಗೋಡೇನೇ ಹೊಡೆಯುತ್ತೆ ಅಂತ ಅವನಿಗೇನು ಗೊತ್ತು?

ಆಮೇಲೆ ಮಿನೆಸೋಟ. ಹಾಕಿ ಆಡು, ಓದಿಸ್ತೀವಿ ಅಂದ್ರು. ಇತಿಹಾಸದಲ್ಲಿ ಪದವಿ ತಗೊಂಡೆ. ಕೆಲಸ ಸಿಗದೇ ಇರೋಕೆ ಅದು ಎರಡನೇ ಒಳ್ಳೆ ದಾರಿ. ಮೊದಲನೇದು ಹೆಂಗಸರ ಹಾಕಿ. ಸ್ವಿಟ್ಜರ್‌ಲೆಂಡಿನಲ್ಲಿ ಆಡಿದೆ. ಬೆಳಗ್ಗೆ ಬೇಕರಿಯಲ್ಲಿ ಹಿಟ್ಟು ನಾದೋದು, ಸಾಯಂಕಾಲ ಐಸಿಗೆ ಇಳಿಯೋದು. ಅಲ್ಲಿ ನನ್ನನ್ನ ಅಂಚಿನವಳು ಅಂತಲ್ಲ, ರೊಟ್ಟಿಯವಳು ಅಂತ ಗುರುತಿಸ್ತಿದ್ರು. ಸ್ವೀಡನ್‌ನಲ್ಲಿ ಆಡಿದೆ. ಇಲ್ಲಿಗೆ ಬಂದೆ, ಒಂದು ಲೀಗು ಶುರುವಾಯ್ತು, ಮುಚ್ಚಿಹೋಯ್ತು. ಇನ್ನೊಂದು ಶುರುವಾಯ್ತು, ಅದೂ ಮುಚ್ಚಿಹೋಯ್ತು... ಅದು ಮುಚ್ಚಿದ ಸುದ್ದಿ ನನಗೆ ಯಾರು ಹೇಳಿದ್ರು ಗೊತ್ತಾ? ಕಾಫಿ ಅಂಗಡಿಯವಳು. "ಅಯ್ಯೋ ಪಾಪ ಕಣ್ರೀ" ಅಂತ ಕಾಫಿ ಬಿಟ್ಟಿ ಕೊಟ್ಲು. ಅದೊಂದೇ ಆ ಲೀಗಿನಿಂದ ನನಗೆ ಬಿಟ್ಟಿ ಸಿಕ್ಕಿದ್ದು.

ಕೋಲು ನಮ್ಮದೇ, ಬಸ್ಸಿನಲ್ಲಿ ಊಟ ನಮ್ಮದೇ, ಬೆವರಿನ ಅಂಗಿ ಮನೆಗೆ ತಂದು ಒಗೆಯೋದೂ ನಾವೇ. ಹಗಲು ಬದಲಿ ಟೀಚರ್ ಕೆಲಸ, ಇದೇ ಥಂಡರ್ ಬೇಯ ಶಾಲೆಗಳಲ್ಲಿ. ಸೋಮವಾರ ಕಣ್ಣು ಊದಿ ಕಪ್ಪಾಗಿರೋ ಟೀಚರ್ ಏಳನೇ ಕ್ಲಾಸಿನೊಳಗೆ ಕಾಲಿಟ್ರೆ... ಉಸಿರೆತ್ತಲ್ಲ ಒಬ್ಬರೂ! ಅಂಥ ಶಿಸ್ತನ್ನ ಯಾವ ಟ್ರೇನಿಂಗ್ ಕಾಲೇಜೂ ಕಲಿಸಲ್ಲ.

ಆಮೇಲೆ ಈ ಲೀಗು ಬಂತು. ನಿಜವಾದ್ದು. ಸಂಬಳ ಕೊಡೋದು. ಮೊದಲ ಪಂದ್ಯದ ಮಾರನೇ ದಿನ ಈ ಕೋಣೆಗೆ ಬಂದೆ, ಇಲ್ಲೇ, ಈ ಗೂಟಕ್ಕೆ, ನನ್ನ ಅಂಗಿ ನೇತುಹಾಕಿತ್ತು. ಬೆನ್ನ ಮೇಲೆ ನನ್ನ ಹೆಸರು. ಯಾರೋ ಒಗೆದಿದ್ರು! ಯಾರೂ ಇಲ್ಲ ಅಂತ ನೋಡ್ಕೊಂಡು ಮೂಗಿಗೆ ಹಿಡಿದು ಮೂಸಿದೆ. ನನ್ನ ಅಂಗಿ, ನನ್ನ ಬೆವರಿನ ವಾಸನೆ ಇಲ್ಲ. ಅಲ್ಲೇ ಕೂತು... ಏನಿಲ್ಲ, ಮೂಗು ಸ್ವಲ್ಪ ಕಟ್ಟಿತ್ತು ಅವತ್ತು.

ನೀನು ಇಪ್ಪತ್ತೆರಡಕ್ಕೇ ಒಗೆದ ಅಂಗಿ ತೊಟ್ಟೆ. ಹೊಟ್ಟೆಕಿಚ್ಚಿಲ್ಲ, ಇದ್ರೂ ಸ್ವಲ್ಪ. ನಿನಗೆ ಇದು ಕೆಲಸ ಅನ್ನಿಸುತ್ತೆ. ಅನ್ನಿಸ್ಲಿ! ಅನ್ನಿಸ್ಬೇಕು ಅಂತಲೇ ನಾವು ಅಷ್ಟು ವರ್ಷ ಒಗೆದಿದ್ದು. ಆದರೆ ನನ್ನನ್ನ ಇವತ್ತು ಕೋಟು ಹಾಕ್ಕೊಂಡು ಗ್ಯಾಲರಿಯಲ್ಲಿ ಕೂರು ಅಂದ್ರೆ? ಕೂರಲ್ಲ. ಯಾರು ಹೇಳಿದ್ರೂ ಕೂರಲ್ಲ.

ಇದೇನೇ ಇದು, ಈ ಕೋಲಿನ ಬಾಯಿ ಇಷ್ಟು ದಪ್ಪ ಕಾಣ್ತಿದೆ? ಈ ವರ್ಷದ ಟೇಪೇ ದಪ್ಪ. ಕಳಪೆ ಮಾಲು.

ನೋಡು, ಅಂಚಿನವಳ ಕೆಲಸ ಏನು ಹೇಳು. ಗೋಲು ಹೊಡೆಯೋದಾ? ಅದು ಟಿವಿಯವರಿಗೆ. ನಿಜವಾದ ಕೆಲಸ ಇರೋದು ನಮ್ಮ ತುದಿಯಲ್ಲಿ, ಹಲಗೆ ಗೋಡೆ ಹತ್ರ. ಹಿಂದಿನವಳು ಬಿಲ್ಲೇನ ಗೋಡೆ ಗುಂಟ ಸುಯ್ಯಂತ ಕಳಿಸ್ತಾಳೆ. ನೀನು ಗೋಡೆಗೆ ಮುಖ ಮಾಡಿ ನಿಂತಿರ್ತೀಯ. ಬಿಲ್ಲೆ ಈ ಕಡೆಯಿಂದ ಬರ್ತಿದೆ, ಬೆನ್ನ ಹಿಂದೆ ಅವರವಳು ಬರ್ತಿದ್ದಾಳೆ. ಕಾಣಲ್ಲ, ಆದರೆ ಸ್ಕೇಟಿನ ಸದ್ದು ಕೇಳುತ್ತೆ. ಕರ್, ಕರ್, ಕರ್... ಆ ಸದ್ದು ಯಾವಾಗ ನಿಲ್ಲುತ್ತೋ ಆಗ ಅವಳು ಜಾರ್ತಾ ಬರ್ತಿದ್ದಾಳೆ ಅಂತ ಲೆಕ್ಕ. ಅಂದ್ರೆ ಏಟು ಬಂತು. ಆಗ ಹೊರಳಿ ತಪ್ಪಿಸ್ಕೋಬಹುದು. ತಪ್ಪಿಸ್ಕೊಂಡ್ರೆ ಬಿಲ್ಲೆ ಅವರ ಪಾಲು, ಗೋಲು ನಮ್ಮ ಬಲೆಗೆ. ತಪ್ಪಿಸ್ಕೊಳ್ಳದೆ ನಿಂತು, ಬಿಲ್ಲೇನ ಮೊದಲು ನಿನ್ನಂಥವಳಿಗೆ ತಳ್ಳಿ, ಆಮೇಲೆ ಏಟು ತಿನ್ನಬೇಕು. ಮೊದಲು ಬಿಲ್ಲೆ, ಆಮೇಲೆ ಮೈ. ಇದೇ ಇಡೀ ವಿದ್ಯೆ! ಇಪ್ಪತ್ತು ವರ್ಷ ನಾನು ಮಾಡಿದ್ದು ಇಷ್ಟೇ. ನೀನು ಶನಿವಾರ ಹೊಡೆದೆಯಲ್ಲ ಆ ಗೋಲು, ನಿನ್ನ ಮನೆಯವರೆಲ್ಲ ಕುಣಿದಾಡಿದ್ರಲ್ಲ, ಆ ಬಿಲ್ಲೆ ಎಲ್ಲಿಂದ ಬಂತು ನಿನಗೆ? ಗೋಡೆ ಹತ್ರದಿಂದ. ನಾನು ಕೊಟ್ಟೆ, ಆಮೇಲೆ ಬಿದ್ದೆ. ಗೋಲು ಆಗಿದ್ದು ನಾನು ನೋಡ್ಲಿಲ್ಲ. ಸದ್ದು ಕೇಳ್ತು.

ಅಳಬೇಡ! ಅಳೋಕೆ ಹೇಳಿದ್ದಲ್ಲ, ಲೆಕ್ಕಕ್ಕೆ ಹೇಳಿದ್ದು. ತಿನ್ನು, ಆ ಗುಲಾಬಿ ಸಕ್ಕರೆ ಬಳಿದ ಬನ್ನು ತಿನ್ನು. ನಿಮ್ಮ ಊರಿನವರು ಅದಕ್ಕೆ ಪರ್ಷಿಯನ್ ಅಂತ ಯಾಕೆ ಹೆಸರಿಟ್ರೋ, ಬೇರೆಲ್ಲೂ ಕಂಡಿಲ್ಲ ಅದನ್ನ. ಬೇಡ, ನನಗೆ ಬೇಡ. ವಾಸನೆಗೇ ಹೊಟ್ಟೆ ತೊಳೆಸುತ್ತೆ... ಪಂದ್ಯದ ದಿನ ಕಣೇ, ಎಲ್ಲರಿಗೂ ತೊಳೆಸುತ್ತೆ! ಭಾನುವಾರ ವಾಂತಿ ಮಾಡಿದ್ದಾ? ಅದು ಪೆರೋಗಿ. ಮೂರು ದಿನದ ಹಳೇ ಆಲೂಗಡ್ಡೆ ಕಡುಬು ತಿಂದ್ರೆ ಯಾರಿಗಾಗಲ್ಲ? ಮತ್ತೆ ಕಪ್ಪು ಕನ್ನಡಕ ಹಾಕ್ಕೊಂಡಿದ್ದು ಹಿಮದ ಬಿಸಿಲಿಗೆ. ಹೂಂ, ಒಳಗೂ ಹಾಕ್ಕೊಂಡಿದ್ದೆ. ಸ್ಟೈಲು.

ಯಪ್ಪಾ, ನೀನು ಹಾಕಿ ಆಡೋಕೆ ಬಂದೆಯಾ, ಪೊಲೀಸ್ ಕೆಲಸಕ್ಕಾ?

ಅಪ್ಪ ಬರ್ತಿದ್ದಾನೆ. ಹೇಳಿದ್ನಾ ನಿನಗೆ? ಎಂಬತ್ತಾಯ್ತು. ಅಣ್ಣ ಕಾರಲ್ಲಿ ಕರ್ಕೊಂಡು ಬರ್ತಿದ್ದಾನೆ. ಎರಡು ದಿನದ ದಾರಿ, ನಿನ್ನೆ ಕೆನೋರಾದಲ್ಲಿ ಉಳ್ಕೊಂಡ್ರಂತೆ, ಮಧ್ಯಾಹ್ನ ಬಂದು ಸೇರ್ತಾರೆ. ನಾನು ಸಂಬಳ ತಗೊಂಡು ಆಡೋದನ್ನ ಅಪ್ಪ ಟಿವಿಯಲ್ಲಿ ಬಿಟ್ಟು ನೋಡಿಲ್ಲ. ಫೋನಲ್ಲಿ ಕೇಳ್ತಾನೆ: "ಐಸು ಹೇಗಿದೆ ಮಗಳೇ ಅಲ್ಲಿ? ಗಟ್ಟಿ ಇದೆಯಾ?" ಯಂತ್ರದ ಐಸು ಅಪ್ಪ ಅಂದ್ರೆ, "ಹಿತ್ತಲಿನದ್ದೇ ವಾಸಿ" ಅಂತಾನೆ. ಅವನಿಗೆ ಗಾಜಿನ ಪಕ್ಕದ ಸೀಟು ಹಿಡಿದಿದ್ದೀನಿ, ನಾನು ನಿಲ್ಲೋ ಅಂಚಿಗೇ ಸರಿಯಾಗಿ. ಈಗ ನೀನು ಹೋಗಿ ಜೋಸೆಟ್ ಹತ್ರ ಬಾಯಿ ಬಿಟ್ರೆ, ಆ ಮುದುಕ ಎರಡು ದಿನ ಕಾರಲ್ಲಿ ಕೂತು ಬಂದು ಯಾರನ್ನ ನೋಡ್ತಾನೆ? ಹೇಳು, ಯಾರನ್ನ?

ಜೋಸೆಟ್ ನನ್ನನ್ನ ಪರೀಕ್ಷೆ ಮಾಡಿ ಆಯ್ತಲ್ಲ! ಭಾನುವಾರ. ಕಂಪ್ಯೂಟರ್ ಮುಂದೆ ಕೂರಿಸಿದ್ಲು. ಸೆಪ್ಟೆಂಬರ್‌ನಲ್ಲಿ ಎಷ್ಟು ಬಂದಿತ್ತೋ ಅಷ್ಟೇ ಬಂತು. ಸರಿಸಮ! ಅವಳೇ ಅಂದ್ಲು, "ಅಜ್ಜಿ, ನೀನು ಬಂಡೆಗಲ್ಲು" ಅಂತ. ಇನ್ನೇನು ಬೇಕು?

ಏನು?... ಯಾಕೆ ಹಾಗೆ ನೋಡ್ತೀಯ?... ಅಲ್ಲ, ರೋಂಡಾ ಮಾಡಿದ್ದು ಅದು, ನಾನಲ್ಲ. ನಾನು... ನೋಡು, ಸೆಪ್ಟೆಂಬರ್‌ನಲ್ಲಿ ನನಗೆ ನೆಗಡಿ ಇತ್ತು. ತಲೆ ಭಾರ. ನಾಲ್ಕು ಪದ ತಪ್ಪಿರಬಹುದು. ಹೋಗ್ಲಿ ಬಿಡು, ಎಲ್ಲರೂ ಸ್ವಲ್ಪ ಸ್ವಲ್ಪ ಮಾಡೋದೇ! ಉಪ್ಪಿನಕಾಯಿ ನೆಕ್ಕಿದ ಹಾಗೆ, ಚೂರೇ ಚೂರು.

ರೋಂಡಾ ಚೆನ್ನಾಗೇ ಇದ್ದಾಳಲ್ಲ! ಹೋದ ತಿಂಗಳು ಹೋಗಿದ್ದೆ ಅವಳ ಮನೆಗೆ. ಸಡ್‌ಬರಿಯಲ್ಲಿ ತಂಗಿ ಜೊತೆ ಇದ್ದಾಳೆ. ಎಷ್ಟು ಅಚ್ಚುಕಟ್ಟು ಅಂತೀಯ! ಅಡುಗೆಮನೆ ಕಪಾಟಿನ ಮೇಲೆಲ್ಲ ಚೀಟಿ ಅಂಟಿಸಿದ್ದಾಳೆ. ಲೋಟ. ತಟ್ಟೆ. ಕಾಫಿಪುಡಿ. ಒಲೆ ಮೇಲೆ, "ಆರಿಸು". ಬೀದಿ ಬಾಗಿಲ ಒಳಗಡೆ, "ತಂಗೀನ ಕೇಳದೆ ಹೋಗಬೇಡ". ಯಾವಾಗಲೂ ಹಾಗೇ ಅವಳು, ಎಲ್ಲಾ ನೀಟು...

ನೀಟು ಕಣೇ. ಐವತ್ತು ದಾಟಿದ ಹೆಂಗಸು ನೀಟಾಗಿರಬಾರದಾ?

ನಮ್ಮ ಬಾಬಾ, ಅಂದ್ರೆ ಅಪ್ಪನ ಅಮ್ಮ, ಹೇಳ್ತಿದ್ಲು, ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು ಅಂತ. ಅವಳು ಹಾಕಿ ನೋಡಿದವಳಲ್ಲ. ಬಂಡೆ ಬಂದು ನಮಗೆ ಹಾಯುತ್ತೆ, ನಾವೇನು ಮಾಡೋದು! ಇನ್ನೊಂದು ಆಟ ಅಷ್ಟೇ. ಒಂದು ಆಟ. ಒಂದು ತಾಸು. ಆಮೇಲೆ ಈ ತಲೇನ ಯಾರಿಗೆ ಬೇಕಾದ್ರೂ ಕೊಡ್ತೀನಿ, ಟಾರ್ಚು ಬಿಡ್ಲಿ, ಒಳಗೆ ಕೈ ಹಾಕ್ಲಿ. ಅದನ್ನ ಬೇಡ ಅನ್ನೋಕೆ ನೀನು ಯಾರು? ಒಂದು ಬಾಗಿಲು ತಪ್ಪಿದ್ದಕ್ಕಾ? ಎರಡನೇ ಅವಧಿಯಲ್ಲಿ, ಆ ದೂರದಿಂದ ಬರುವಾಗ...

ಏನದು? ಮೂರು ಬೆರಳು ಯಾಕೆ ಎತ್ತಿದೆ?

ಮೂರನೇದಾ.

ಇಲ್ಲ. ಎರಡನೇದು. ನೀನು ಗೋಲು ಹೊಡೆದೆ, ಅದಾದ್ಮೇಲೆ... ನಿನ್ನ ಗೋಲು ಮೂರನೇದ್ರಲ್ಲಾ? ಹಾಂ. ಹಾಂ, ಸರಿ, ಮೂರನೇದೇ. ನಾನೂ ಅದನ್ನೇ ಅಂದಿದ್ದು.

ಆದ್ರೆ ಮೂರನೇದ್ರಲ್ಲಿ ಗೋಲುಗಳು ಮತ್ತೆ ಮೊದಲಿನ ಹಾಗೇ ಅಲ್ವಾ? ನಮ್ಮ ತುದಿಯಿಂದ ಬಂದ್ರೆ ನಮ್ಮ ಬೆಂಚೇ ಮೊದಲು ಸಿಗೋದು. ಅಂದ್ರೆ... ನಾನು ನಮ್ಮ ಬೆಂಚನ್ನ ದಾಟ್ಕೊಂಡು ಹೋದ್ನಾ? ನೀವೆಲ್ಲ ಕೂತಿದ್ರಿ. ಡಾರ್ಲಾ ನಿಂತಿದ್ಲು. ಕೂಗಿದ್ರಾ ನನ್ನನ್ನ?

ಕೂಗಿದ್ರಿ.

ಇರ್ಲಿ ಬಿಡು! ಜನ ಕಿರುಚ್ತಿದ್ರು, ಡೋಲು ಬಡೀತಿದ್ರು, ಕೇಳಿಸ್ಲಿಲ್ಲ. ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ, ಸತ್ತವರ ಮನೆಗೆ ಬಂದವಳ ಹಾಗೆ? ಬಾ, ಒಂದು ಕಥೆ ಹೇಳ್ತೀನಿ, ನಕ್ಕು ನಕ್ಕು ಹೊಟ್ಟೆ ಹಿಡ್ಕೋತೀಯ. ಹೊಸ ಹುಡುಗಿಯರಿಗೆ ನಾನಿದನ್ನ ಹೇಳೋದೇ ಇಲ್ಲ, ನಿನಗೆ ಅಂತ ಹೇಳ್ತಿದ್ದೀನಿ. ಇದನ್ನ ನನಗೆ ಮೊದಲು ಹೇಳಿದ್ದು ರೋಂಡಾ. ನನ್ನ ಮೊದಲ ಸೆಂಟರ್. ಒಂದ್ಸಲ ವಾವಾ ದಾಟಿ ನಮ್ಮ ಬಸ್ಸು ನಿಂತುಬಿಡ್ತು, ರಸ್ತೆ ಮಧ್ಯೆ ಒಂದು ಮೂಸ್. ಡ್ರೈವರ್ ಹಾರನ್ ಹೊಡೀತಾನೆ, ಹೊಡೀತಾನೆ, ಅದು ಮಾತ್ರ ಎಮ್ಮೆ ಮೇಲೆ ಮಳೆ ಹುಯ್ದ ಹಾಗೆ... ಆಗ ರೋಂಡಾ ನನ್ನ ಕಡೆ ತಿರುಗಿ, "ನೋಡು ಮಾರ್ನಿ, ಸೆಪ್ಟೆಂಬರ್‌ನಲ್ಲಿ..."

ಯಾಕೆ?

ಕೇಳಿದ್ದೀಯಾ ಇದನ್ನ? ಯಾರು ಹೇಳಿದ್ರು? ಡಾರ್ಲಾನಾ?

...ನಾನಾ.

ಯಾವಾಗ?

ಮಾತಾಡು ಕೈಸಾ. ಹೋದ ವಾರವಾ? ಬಸ್ಸಿನಲ್ಲಾ? ತಲೆ ಅಲ್ಲಾಡಿಸಬೇಡ, ಬಾಯಿಬಿಟ್ಟು ಹೇಳು... ಬೇಡ. ಬೇಡ, ಹೇಳಬೇಡ. ಬಾಗಿಲ ಕಡೆ ನೋಡ್ತಿದ್ದೀಯ. ಬಾಗಿಲು ಎಳ್ಕೋ ಅಂದಾಗಲಾ? ಇಲ್ಲಿ ಕೂತ ಮೇಲಾ?

ನಕ್ಕಿದ್ದೆಯಾ ನೀನು ಆಗ?

ಹೂಂ. ನಗು ಬರೋ ಕಥೇನೇ ಅದು.

ಈ ಕೋಲು ನೋಡು. ಟೇಪಿನ ಮೇಲೆ ಟೇಪು, ಅದರ ಮೇಲೆ ಟೇಪು. ಯಾರೋ ಸುತ್ತಿಟ್ಟಿದ್ರು ಅಂದ್ಕೊಂಡೆ. ನಾನೇ ಸುತ್ತಿದ್ದು ಅಲ್ವಾ? ನೀನು ಎದುರಿಗೇ ಕೂತು ನೋಡ್ತಿದ್ದೆ. ಅದಕ್ಕೇ ಆ ಬನ್ನು ಒಂದು ತುತ್ತೂ ತಿಂದಿಲ್ಲ ನೀನು.

ಸಡ್‌ಬರಿಗೆ ಹೋಗಿದ್ದೆ ಅಂದ್ನಲ್ಲ... ಹೋದಾಗ ರೋಂಡಾ ಬಾಗಿಲಲ್ಲೇ ನನ್ನನ್ನ ತಬ್ಬಿಕೊಂಡು ಮೂಸ್ ಕಥೆ ಹೇಳಿದ್ಲು. ಒಳಗೆ ಕರೆದು ಕಾಫಿ ಬಗ್ಗಿಸ್ತಾ ಮತ್ತೆ ಹೇಳಿದ್ಲು. ಅದೇ ಮಾತು, ಅದೇ ಉಸಿರು, "ಹೊಸಬರಿಗೆ ಹೇಳೋದಿಲ್ಲ, ನಿನಗೆ ಅಂತ ಹೇಳ್ತಿದ್ದೀನಿ" ಅಂತ. ತಂಗಿ ಗೋಡೆ ಕಡೆ ತಿರುಗಿ ನಿಂತ್ಲು. ನಾನು ಎರಡು ಸಲವೂ ನಕ್ಕೆ ಕೈಸಾ. ಎರಡನೇ ಸಲ ಇನ್ನೂ ಜೋರಾಗಿ ನಕ್ಕೆ.

ನೀನು ನಗಲಿಲ್ಲ. ನೀನೇ ವಾಸಿ.

ಏಯ್, ಸಾಕು, ಒರೆಸ್ಕೋ ಕಣ್ಣು. ನಾನೇನು ಸೋತು ಕೂತಿದ್ದೀನಾ? ಗೋಡೆ ಹತ್ರ ನಿಂತಾಗ ಮಾಡೋದನ್ನೇ ಈಗಲೂ ಮಾಡ್ತೀನಿ. ಸ್ಕೇಟಿನ ಸದ್ದು ನಿಂತಿದೆ, ಏಟು ಬರ್ತಿದೆ. ಮೊದಲು ಬಿಲ್ಲೆ ತಳ್ಳಬೇಕು. ತಗೋ, ಹಿಡ್ಕೋ.

ಎದ್ದು ಜೋಸೆಟ್ ಹತ್ರ ಹೋಗು. ನಾನೂ ಬರ್ತೀನಿ, ಆದರೆ ಮಾತು ನಿಂದು. ನಾನು ಶುರು ಮಾಡಿದ್ರೆ ಮತ್ತೆ ವಾವಾದಿಂದಲೇ ಶುರು ಮಾಡಿಬಿಡ್ತೀನೇನೋ. ಸೆಪ್ಟೆಂಬರ್‌ನಲ್ಲಿ ನಾನು ಬೇಕಂತಲೇ ದಡ್ಡಿ ಆಗಿದ್ದೆ ಅಂತ ಹೇಳು. ಈ ವರ್ಷ ಒಂದೇ ಅಲ್ಲ ಅಂತಲೂ ಹೇಳು. ಬೆಂಚು ದಾಟಿ ಹೋದೆ ಅಂತ ಹೇಳು. ಪೆರೋಗಿ ಮೇಲೆ ಅಪವಾದ ಹೊರಿಸಬೇಡ, ಅದು ಚೆನ್ನಾಗೇ ಇತ್ತು. ಡಾರ್ಲಾ ಪತ್ರಿಕೆಯವರ ಮುಂದೆ ನಿಂತ್ಕೊಂಡು ಸೊಂಟದ ಮೇಲೆ ಅನ್ನೋಕೆ ಬಾಯಿ ತೆಗೀತಾಳಲ್ಲ, ಆಗ ಅವಳ ಪಕ್ಕ ನಿಂತ್ಕೊಂಡು, ತಲೆ ಅಂತ ಹೇಳು. ಜೋರಾಗಿ ಹೇಳು. ತಲೆ! ಗುರಿ ಇಡೋರು ಇಟ್ಕೊಳ್ಲಿ, ನಾನು ಐಸಿನ ಮೇಲಿರಲ್ಲ.

ಅಪ್ಪನಿಗೆ ನಾನೇ ಹೇಳ್ತೀನಿ. ಗಾಜಿನ ಪಕ್ಕ ಅವನ ಜೊತೆಗೇ ಕೂರ್ತೀನಿ, ಕೋಟು ಹಾಕ್ಕೊಂಡು. ಕಪ್ಪು ಕನ್ನಡಕವನ್ನೂ ಹಾಕ್ಕೊಂಡು! ಎಡ ಅಂಚಿಗೆ ಬಿಲ್ಲೆ ಬಂದಾಗಲೆಲ್ಲ ಗಾಜು ಗುದ್ದಿ ಬೈತೀನಿ, ಯಾರು ನಿಂತಿದ್ರೂ ಸರಿ. ನೀನು ನೋಡಿ ಬಿಲ್ಲೆ ಕೊಡೋದು ಕಲಿ.

ಮತ್ತೆ... ಮುಂದಿನ ಸೆಪ್ಟೆಂಬರ್‌ನಲ್ಲಿ ಇಲ್ಲಿ, ಈ ಗೂಟದ ಕೆಳಗೆ, ಯಾವಳೋ ಹೊಸ ಹುಡುಗಿ ಬಂದು ಕೂರ್ತಾಳೆ. ಅವಳಿಗೆ ಮೂಸ್ ಕಥೆ ಹೇಳು. ಪೂರ್ತಿ ಹೇಳು, ಹಾರನ್ ಸಮೇತ. ನಗಲಿ. ನಕ್ಕು ಮುಗಿದ ಮೇಲೆ ಸಡ್‌ಬರಿ ಅಡುಗೆಮನೆಯದ್ದೂ ಹೇಳು. ಇದನ್ನ ನನಗೆ ಮೊದಲು ಹೇಳಿದ್ದು ಮಾರ್ನಿ ಅಂತ ಶುರು ಮಾಡು. ಒಂದೇ ಬೆಳಗ್ಗೆ ಎರಡು ಸಲ ಹೇಳಿದ್ಲು ಅಂತಲೂ ಸೇರಿಸು.